ಒಗೆಯುವ ಮಷೀನಿನ ಶ್ರುತಿ

ಫೆಬ್ರವರಿ 9

ಅಪ್ಪಾ,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ನಿನ್ನ ಎದೆ ಧಸಕ್ ಅಂದಿರುತ್ತದೆ. ಗಾಬರಿಯಾಗಬೇಡ, ಆಗಬೇಕಾದ್ದು ಆಗಿ ಮುಗಿದಿದೆ. ಗಂಟಲಿನಲ್ಲಿ, ದನಿ ಹುಟ್ಟುವ ಜಾಗದಲ್ಲೇ, ಅಕ್ಕಿಕಾಳಿಗಿಂತ ಚಿಕ್ಕದೊಂದು ಗಂಟು ಬೆಳೆದಿತ್ತು. ಡಾಕ್ಟರು ತೆಗೆದರು. ಇನ್ನು ಕೆಲವು ವಾರ ನಾನು ಮಾತಾಡಕೂಡದು. ಪಿಸುಗುಟ್ಟುವ ಹಾಗಿಲ್ಲ, ಗುನುಗುವ ಹಾಗಿಲ್ಲ, ಜೋರಾಗಿ ನಗುವ ಹಾಗೂ ಇಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಬೇಡ. ಹೇಳಿದ್ದರೆ ನೀನು ಫೋನಿನಲ್ಲಿ ಸುಮ್ಮನಾಗಿಬಿಡುತ್ತಿದ್ದೆ. ನಿನ್ನ ಬೈಗುಳ ತಡೆಯಬಲ್ಲೆ, ನಿನ್ನ ಸುಮ್ಮನಿರುವಿಕೆ ತಡೆಯಲಾರೆ.

ಈಗ ಅಂಗಡಿಗೆ ಫೋನ್ ಮಾಡಿದರೆ ನಾನೇ ಸುಮ್ಮನಿರಬೇಕು. ಮೊಬೈಲಿಗೆ ಬರೆದು ಕಳಿಸೋಣವೆಂದರೆ, ಸೋಪಿನ ನೀರಿನಲ್ಲಿ ಸವೆದ ನಿನ್ನ ಬೆರಳನ್ನು ಆ ಗಾಜು ಮನುಷ್ಯನ ಬೆರಳು ಅಂತಲೇ ಒಪ್ಪುವುದಿಲ್ಲ. ಹಾಗಾಗಿ ಕಾಗದ.

ನಮ್ಮ ಹಾಡಿನ ತಂಡ ನಡೆಸುವ ಕಂಪನಿಯವರು ನನ್ನನ್ನು ಸರೋವರದ ದಡದ ಒಂದು ಮನೆಯಲ್ಲಿ ಇರಿಸಿದ್ದಾರೆ. ಬೆಳಗ್ಗೆ ಮಂಜು ಕಿಟಕಿಯವರೆಗೂ ಬಂದು ನಿಂತಿರುತ್ತದೆ. ದೋಣಿ ಕಾಣುವುದಿಲ್ಲ, ಹುಟ್ಟಿನ ಸದ್ದು ಮಾತ್ರ ಕೇಳುತ್ತದೆ. ಮನೆ ನೋಡಿಕೊಳ್ಳುವ ಅಜ್ಜಿಗೂ ಕಿವಿ ಅಷ್ಟಕ್ಕಷ್ಟೆ. ನಾವಿಬ್ಬರೂ ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದೇವೆ.

ಅಪ್ಪಾ, ಒಂದು ಹೆದರಿಕೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಭ್ಯಾಸದ ಕೋಣೆಗೆ ಹೋಗಿದ್ದೆ. ಯಾರು ಎಲ್ಲಿ ನಿಲ್ಲಬೇಕು ಅಂತ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ನನ್ನದು ನೀಲಿ. ಅದರ ಮೇಲೆ ಹಸಿರು ಪಟ್ಟಿ ಅಂಟಿಸಿದ್ದರು. ಹೊಸಬಳೊಬ್ಬಳನ್ನು ಕರೆಸಿದ್ದಾರೆ. ಕಂಪನಿಯ ಮೇಡಂ ಹೇಳಿದರು: "ಮೇ ಕೊನೆಗೆ ಹೊಸ ಕಾರ್ಯಕ್ರಮಗಳು ಶುರು. ಅಷ್ಟರಲ್ಲಿ ನಿನ್ನ ದನಿ ಬಂದ್ರೆ ನಿನ್ನ ಜಾಗ ನಿಂದೇ." ಬಾರದಿದ್ದರೆ ಏನು ಅಂತ ಹೇಳಲಿಲ್ಲ. ಕನ್ನಡಕ ಒರೆಸಿಕೊಂಡರು.

ನಮ್ಮ ನಾಲ್ವರಲ್ಲಿ ಜನ ಕೂಗುವುದು ನನ್ನ ಹೆಸರನ್ನಲ್ಲ. ಪಟಾಕಿ ಅಂತ ನಾವು ಕರೆಯುವವಳು ಮುಂದೆ ನಿಂತು ಹಾಡುತ್ತಾಳೆ, ಕೊಕ್ಕರೆ ಆ ಉದ್ದ ಕಾಲಿನಲ್ಲಿ ಕುಣಿಯುತ್ತಾಳೆ, ಮೊಲ ನಕ್ಕರೆ ಸಾಕು. ನಾನು ಕೆಳದನಿ. ಆದರೆ ವೇದಿಕೆ ಹತ್ತುವ ಮುಂಚೆ ಪರದೆಯ ಹಿಂದೆ ನಾಲ್ವರೂ ಹಣೆಗೆ ಹಣೆ ತಾಗಿಸಿ ನಿಲ್ಲುತ್ತೇವೆ. ನಾನು ಬಾಯಿ ಮುಚ್ಚಿ ಒಂದು ಸ್ವರ ಗುನುಗುತ್ತೇನೆ, ಮೂವರೂ ಅದರಿಂದ ಶ್ರುತಿ ಹಿಡಿಯುತ್ತಾರೆ. ಹಾಡುವಾಗ ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರದಲ್ಲಿ ಸ್ವರ ಬರುತ್ತದೆ, ನಿಜ. ಆದರೂ ಒಂಬತ್ತು ವರ್ಷದಿಂದ ನನ್ನದೇ ಬೇಕು ಅವರಿಗೆ. ಆ ಸ್ವರ ಎಲ್ಲಿಂದ ಬಂತು ಅಂತ ಪತ್ರಿಕೆಯವರು ಕೇಳಿದಾಗಲೆಲ್ಲ ಹೇಳಿದ್ದೇನೆ: ನಮ್ಮಪ್ಪನ ಲಾಂಡ್ರಿಯ ಹಳೇ ಮಷೀನಿನಿಂದ.

ಅದು ಹೇಗಿದೆ? ಅದಕ್ಕೆ ಕಿವಿಯಿಟ್ಟು ಎರಡು ವರ್ಷದ ಮೇಲಾಯಿತು.

ಬಾಯಿಗೆ ಬೀಗ ಹಾಕಿಕೊಂಡ
ನಿನ್ನ ಗುಂಡಿ


ಫೆಬ್ರವರಿ 17

ಗುಂಡೀ,

ಅಪ್ಪನ ಆಶೀರ್ವಾದ. ಇಲ್ಲಿ ನಾನು ಕ್ಷೇಮ, ಇಸ್ತ್ರಿಪೆಟ್ಟಿಗೆ ಕ್ಷೇಮ, ಪಕ್ಕದ ಅಂಗಡಿಯ ದರ್ಜಿ ಎಂದಿನ ಹಾಗೆ ಅಧಿಕಪ್ರಸಂಗಿ. ಬಿಳಿ ಹಾಳೆ ಸಿಗಲಿಲ್ಲ, ಅಂಗಿ ಸುತ್ತುವ ಕಂದು ಕಾಗದದಲ್ಲೇ ಬರೆಯುತ್ತಿದ್ದೇನೆ. ಕಲೆ ಕಂಡರೆ ಅದು ಚಹಾದ್ದು. ಬೇರೆ ಅರ್ಥ ಮಾಡಿಕೊಳ್ಳಬೇಡ.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಚಿಕ್ಕವಳಿದ್ದಾಗ ಆ ಬಂಗಾರವನ್ನು ಒಂದು ಗಳಿಗೆಯಾದರೂ ತೋರಿಸಿದ್ದೆಯಾ ನೀನು? ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನು ಹೆಕ್ಕುತ್ತ, ಒಂದೊಂದಕ್ಕೂ ಒಂದೊಂದು ಹಾಡು ಕಟ್ಟುತ್ತ ನನ್ನ ಕಾಲಿಗೆ ತೊಡರುತ್ತಿದ್ದೆ. ಆ ಗುಂಡಿ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ದರ್ಜಿ ಆಗಾಗ ಕೈಹಾಕುತ್ತಾನೆ, ಗದರಿಸಿ ಓಡಿಸುತ್ತೇನೆ.

ಹೆದರಬೇಡ ಅಂತ ಬರೆಯಲು ಕೂತೆ. ಬರೆದರೆ ಸುಳ್ಳಾಗುತ್ತದೆ, ನನಗೇ ಹೆದರಿಕೆಯಾಗುತ್ತಿದೆ. ಆದರೆ ಒಂದು ಹೇಳುತ್ತೇನೆ ಕೇಳು. ನಿನ್ನ ಅಮ್ಮ ಹೋದಾಗ ನೀನಿನ್ನೂ ಅಂಬೆಗಾಲಿಡುತ್ತಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅಂಗಡಿ ಮುಚ್ಚುವ ಹಾಗಿಲ್ಲ. ಬಿಸಿ ಚಾದರಗಳ ಬುಟ್ಟಿಯಲ್ಲಿ ನಿನ್ನನ್ನು ಮಲಗಿಸಿ ಮಷೀನಿನ ಪಕ್ಕಕ್ಕೆ ಇಟ್ಟುಕೊಂಡು ಕೆಲಸ ಮಾಡಿದೆ. ಎಷ್ಟು ಅತ್ತರೂ, ಮಷೀನು ಶುರುವಾದರೆ ಕಣ್ಣು ಮುಚ್ಚುತ್ತಿದ್ದೆ. ನಿನ್ನನ್ನು ಸಾಕಿದ್ದು ಅದು. ನಾನು ಬರೀ ಬಟ್ಟೆ ಒಗೆದೆ. ಹಾಗೆ ಎಳೆತನದಲ್ಲಿ ಮೈಗೆ ಹತ್ತಿದ ಸ್ವರ ಒಂದು ಕತ್ತರಿಗೆ ಹೆದರಿ ಓಡಿಹೋಗುವುದಿಲ್ಲ.

ನನಗೆ ಸಂಗೀತ ತಿಳಿಯುವುದಿಲ್ಲ ಬಿಡು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರು "ನೀನು ಬರೀ ತುಟಿ ಆಡಿಸು, ದನಿ ಬೇಡ" ಅಂದಿದ್ದರು. ಅವತ್ತಿಗೆ ಸರಿ, ನನಗೂ ಹಾಡಿಗೂ ಋಣ ತೀರಿತು. ರೇಡಿಯೋದಲ್ಲಿ ನಿಮ್ಮ ಹಾಡು ಬರುತ್ತಿರುತ್ತದೆ. ನಾಲ್ವರೂ ಒಟ್ಟಿಗೆ ಶುರುಮಾಡಿದರೆ ನಿನ್ನದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಮಷೀನಿನ ವಿಷಯ ಕೇಳಿದ್ದೀಯ. ಅದಕ್ಕೇನಾಗುತ್ತದೆ, ಕಬ್ಬಿಣ. ನೀನು ಬಿಸಿನೀರು ಕುಡಿ.

ನಿನ್ನ ಅಪ್ಪ
(ಕೈ ಒದ್ದೆ, ಅಕ್ಷರ ಕ್ಷಮಿಸು)


ಮಾರ್ಚ್ 4

ಅಪ್ಪಾ,

ನಿನ್ನ ಕಂದು ಕಾಗದಕ್ಕೆ ಅಂಗಡಿಯ ವಾಸನೆ ಇತ್ತು. ದಿಂಬಿನ ಕೆಳಗೆ ಇಟ್ಟುಕೊಂಡೆ. ಅದಕ್ಕೇ ಇರಬೇಕು, ಕನಸಿನಲ್ಲಿ ನಮ್ಮ ಹಿಂದಿನ ಅಂಗಳ ಬಂತು. ತಂತಿಯ ಮೇಲೆ ಬಿಳಿ ಅಂಗಿಗಳು, ಕಣ್ಣು ಹಾಯುವಷ್ಟು ದೂರ. ಒಂದೊಂದರ ಕೊರಳೂ ತೆರೆದುಕೊಂಡು ಹಾಡುತ್ತಿದೆ, ಸದ್ದು ಮಾತ್ರ ಇಲ್ಲ. ನೀನು ನಡುವೆ ಓಡಾಡುತ್ತ, ಶೀತವಾದೀತು ಅಂತ ಗೊಣಗುತ್ತ, ಒಂದೊಂದಕ್ಕೂ ಕತ್ತಿನ ಗುಂಡಿ ಹಾಕುತ್ತಿದ್ದೆ.

ಮಾತಿಲ್ಲದ ದಿನಗಳು ವಿಚಿತ್ರ. ಮೊದಲು ಉಸಿರುಗಟ್ಟುತ್ತಿತ್ತು. ಈಗ ತೇಲುತ್ತಿದ್ದೇನೆ ಅನಿಸುತ್ತದೆ. ಕೊರಳಿಗೆ ಪುಟ್ಟ ಹಲಗೆ ನೇತುಹಾಕಿಕೊಂಡು ಪೇಟೆಯಲ್ಲಿ ಅಲೆಯುತ್ತೇನೆ. ಜನ ನನ್ನನ್ನು ಮೂಗಿ ಅಂದುಕೊಂಡು ಅಂಗಡಿಯಲ್ಲಿ ಮುಂದೆ ಬಿಡುತ್ತಾರೆ. ನಾನು ಯಾರೆಂದು ಒಬ್ಬರೂ ಗುರುತಿಸಿಲ್ಲ. ನನ್ನನ್ನು ಗುರುತಿಸುವುದು ಯಾವತ್ತೂ ಕಷ್ಟವೇ ಅನ್ನು. ಬಸ್ಸಿನ ಮೇಲೆ ನಮ್ಮ ನಾಲ್ವರ ಚಿತ್ರ ಬಿಡಿಸಿದ್ದರಲ್ಲ, ನೆನಪಿದೆಯಾ? ಪಟಾಕಿಯ ಮುಖ ಪೂರ್ತಿ ಒಂದು ಪಕ್ಕ ತುಂಬಿತ್ತು. ನನ್ನ ಮುಖ ಬಾಗಿಲ ಮೇಲೆ. ನಿಲ್ದಾಣ ಬಂದಾಗಲೆಲ್ಲ ನಾನು ಎರಡಾಗಿ ಮಡಚಿಕೊಂಡು ಜನರಿಗೆ ದಾರಿ ಬಿಡುತ್ತಿದ್ದೆ.

ಹಳೆಯದೆಲ್ಲ ಮೇಲೆ ಬರುತ್ತಿದೆ. ತಂಡಕ್ಕೆ ಆಯ್ಕೆ ನಡೆದ ದಿನ, ಗಿರಾಕಿಯೊಬ್ಬಳು ಒಗೆಯಲು ಕೊಟ್ಟಿದ್ದ ನೀಲಿ ಗೌನನ್ನು ಕದ್ದು ಹಾಕಿಕೊಂಡು ಹೋಗಿದ್ದೆ. ಮರುದಿನ ನೀನು ಏನೂ ಗೊತ್ತಿಲ್ಲದವನ ಹಾಗೆ ಅದನ್ನೇ ಇನ್ನೊಮ್ಮೆ ಒಗೆದು, ಇಸ್ತ್ರಿ ಹಾಕಿ, ಮಡಚಿ ಕೊಟ್ಟೆ. ನಾವಿಬ್ಬರೂ ಆ ವಿಷಯ ಇವತ್ತಿನವರೆಗೂ ಎತ್ತಿಲ್ಲ.

ಆಮೇಲೆ ಕುಣಿತ ಕಲಿಯುವ ಕನ್ನಡಿಯ ಕೋಣೆ. ನಾಲ್ಕು ಗೋಡೆಯಲ್ಲೂ ನಾವೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ, ಬೂಟು, ಕನ್ನಡಿ, ಎಲ್ಲವೂ ಡೊಂಕು ಅಂದೆ. ಕೊಕ್ಕರೆ ನನ್ನ ಸೊಂಟ ಹಿಡಿದು ಗೊಂಬೆಯ ಹಾಗೆ ತಿರುಗಿಸಿ ಕಲಿಸಿದಳು. ನಮ್ಮ ಮೊದಲ ಕಾರ್ಯಕ್ರಮ ಒಂದು ಕಾರಿನ ಮಳಿಗೆಯಲ್ಲಿ. ಹೊಸ ಕಾರುಗಳು, ಬಲೂನುಗಳು, ಕೈಯಲ್ಲಿ ಜ್ಯೂಸು ಹಿಡಿದ ಜನ. ಹಾಡು ಶುರುವಾಗುವ ಹೊತ್ತಿಗೆ ಕಿವಿಯ ಯಂತ್ರಗಳು ಕೈಕೊಟ್ಟವು. ಪಟಾಕಿ ಬಿಳಿಚಿಕೊಂಡು "ಎಲ್ಲಿಂದ ಹಿಡೀಲಿ ಕಣೇ?" ಅಂದಳು. ನಾನು ಅವಳ ಹಣೆಗೆ ಹಣೆ ಕೊಟ್ಟು ನಮ್ಮ ಮಷೀನನ್ನು ನೆನೆದು ಗುನುಗಿದೆ. ಅವತ್ತಿನಿಂದ ಅದೇ ರೂಢಿ. ಆಮೇಲೆ ಎಷ್ಟು ದೊಡ್ಡ ಮೈದಾನಗಳು ಬಂದವು, ಜನ ಕೈಯಲ್ಲಿ ದೀಪ ಹಿಡಿದು ತೂಗಾಡಿದರು, ಹೊರಗೆ ಬಂದರೆ ಕಾರಿನ ಗಾಜಿನ ಮೇಲೆ ಲಿಪ್‌ಸ್ಟಿಕ್ಕಿನಲ್ಲಿ ಹೆಸರು ಬರೆದಿರುತ್ತಿದ್ದರು. ಆದರೂ ನಾನು ಕಣ್ಣು ಮುಚ್ಚಿದರೆ ಕಾಣುವುದು ಪರದೆಯ ಹಿಂದಿನ ಆ ನಾಲ್ಕು ಹಣೆಗಳೇ.

ನಿನ್ನೆ ಚಪ್ಪಲಿ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹೆಂಗಸು ಮಂಡಿಯೂರಿ ನನ್ನ ಕಾಲಿಗೆ ಚಪ್ಪಲಿ ಹಾಕುತ್ತ ನಮ್ಮ ಕಿಟಕಿ ಹಾಡು ಗುನುಗುತ್ತಿದ್ದಳು. ಎಲ್ಲರೂ ಗುನುಗುತ್ತಾರೆ, ಅದರಲ್ಲೇನು ಅನ್ನಬೇಡ. ಅವಳು ಗುನುಗುತ್ತಿದ್ದದ್ದು ಪಟಾಕಿಯ ಸಾಲಲ್ಲ, ನನ್ನದು. ಕೆಳದನಿ. ಅದೊಂದನ್ನೇ ಕೇಳಿದರೆ ಹಾಡು ಅಂತಲೂ ಅನಿಸುವುದಿಲ್ಲ. ಆ ಚಪ್ಪಲಿ ಬಿಗಿಯಾಗಿತ್ತು, ಆದರೂ ಕೊಂಡುಕೊಂಡೆ.

ಗುಂಡಿ


ಮಾರ್ಚ್ 27

ಅಪ್ಪಾ,

ಇವತ್ತು ಡಾಕ್ಟರು "ಮೆಲ್ಲಗೆ ಒಂದು ಆ ಅನ್ನಿ" ಅಂದರು. ಅಂದೆ. ಬಂತು. ಆದರೆ ಅದು ನನ್ನದಲ್ಲ. ಪಕ್ಕದ ಕೋಣೆಯಿಂದ ಯಾರೋ ಮಾತಾಡಿದ ಹಾಗಿತ್ತು. ಸ್ವಲ್ಪ ದಪ್ಪ, ಸ್ವಲ್ಪ ಒರಟು. ಡಾಕ್ಟರಿಗೆ ಖುಷಿಯೋ ಖುಷಿ, ನರ್ಸು ಚಪ್ಪಾಳೆ ತಟ್ಟಿದಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ.

ಈಗ ದಿನಕ್ಕೆ ಸ್ವಲ್ಪ ಹೊತ್ತು ಗುನುಗಲು ಬಿಟ್ಟಿದ್ದಾರೆ. ನನ್ನ ಆ ಒಂದು ಸ್ವರ ಸಿಗುತ್ತಿಲ್ಲ. ಪಿಯಾನೋ ಮೇಲೆ ಬೆರಳಿಟ್ಟರೆ ಕಿವಿಗೆ ಸಿಗುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಕತ್ತಲೆಯಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟರೆ ಇರುವುದಿಲ್ಲವಲ್ಲ, ಹಾಗಾಗುತ್ತದೆ. ಕೆಳದನಿಯವಳಿಗೆ ಶ್ರುತಿ ಇಲ್ಲದಿದ್ದರೆ ಅವಳು ಯಾತಕ್ಕೆ ಬೇಕು? ಹಸಿರು ಪಟ್ಟಿಯವಳು ಚೆನ್ನಾಗಿಯೇ ಹಾಡುತ್ತಾಳಂತೆ.

ಒಂದು ಉಪಕಾರ ಮಾಡು. ದರ್ಜಿ ಮಾವನ ಹತ್ತಿರ ಹಳೇ ಟೇಪ್ ರೆಕಾರ್ಡರ್ ಇದೆಯಲ್ಲ. ಮಷೀನು ಓಡಿಸಿ, ಅದರ ಮುಂದೆ ಇಟ್ಟು, ಆ ಸದ್ದನ್ನು ಹಿಡಿದು ಕಳಿಸು. ನೀನು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಓಡಲಿ.

ಅದನ್ನು ಕೇಳಿದರೆ ಬುಟ್ಟಿಯಲ್ಲಿ ಮಲಗಿದ ಹಾಗಾಗಿ ದಾರಿ ಸಿಕ್ಕೀತು.

ಗುಂಡಿ


ಏಪ್ರಿಲ್ 10

ಗುಂಡೀ,

ಕ್ಯಾಸೆಟ್ ಕಳಿಸಿದ್ದೇನೆ. ತಡವಾಯಿತು. ದರ್ಜಿಯ ರೆಕಾರ್ಡರಿನ ಒಳಗಿನ ಬೆಲ್ಟು ಹರಿದಿತ್ತು. ಆಮೇಲೆ ಬೆಲ್ಟು ಸಿಕ್ಕಿತು, ದರ್ಜಿಗೆ ಬಿಡುವಿರಲಿಲ್ಲ. ದರ್ಜಿಗೆ ಬಿಡುವಾದಾಗ ನನಗೆ ನೆಗಡಿ. ಅಂದರೆ ನನ್ನ ನೆಗಡಿಗೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ಹೇಳಿದೆ.

ಮಷೀನಿಗೆ ವಯಸ್ಸಾಗಿದೆ. ಒಂದೇ ಸಮನೆ ಓಡುವುದಿಲ್ಲ. ನಡುನಡುವೆ ಉಸಿರು ತೆಗೆದುಕೊಳ್ಳುತ್ತದೆ, ಅಂದರೆ ಕರೆಂಟು ಹೋಗಿ ಬರುತ್ತದೆ. ಅಲ್ಲಲ್ಲಿ ಏನಾದರೂ ಬೇರೆ ಸದ್ದು ಕೇಳಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಅಂಗಡಿ ಅಂದಮೇಲೆ ಜನ ಬರುತ್ತಾರೆ ಹೋಗುತ್ತಾರೆ.

ಸ್ವರ ಸರಿಯಿದೆಯೋ ಇಲ್ಲವೋ ನೇರವಾಗಿ ಬರಿ. ನನ್ನ ಮನಸ್ಸು ನೋಯುತ್ತದೆ ಅಂತ ಯೋಚಿಸಬೇಡ. ನನ್ನ ಮನಸ್ಸು ಯಾಕೆ ನೋಯಬೇಕು, ಮಷೀನಿನದು ತಾನೇ.

ಅಪ್ಪ


ಏಪ್ರಿಲ್ 19

ಅಪ್ಪಾ,

ಮನೆಯ ಅಜ್ಜಿಯ ಅಟ್ಟದಲ್ಲಿ ಒಂದು ಹಳೇ ಪ್ಲೇಯರ್ ಸಿಕ್ಕಿತು. ಸರೋವರದ ಕಡೆಗೆ ಕಿಟಕಿ ತೆರೆದು, ನೆಲದ ಮೇಲೆ ಚಾದರ ಹಾಸಿ, ಕ್ಯಾಸೆಟ್ ಹಾಕಿ ಮಲಗಿದೆ. ಹೊರಗೆ ಮಂಜು. ಸದ್ದು ಶುರುವಾಯಿತು.

ಅದೇ, ಅಪ್ಪಾ. ಅದೇ ಸ್ವರ.

ಎಷ್ಟು ಹೊತ್ತು ಹಾಗೇ ಇದ್ದೆನೋ ಗೊತ್ತಿಲ್ಲ. ನಿದ್ದೆ ಬಂದಿರಬೇಕು. ಎಚ್ಚರವಾದಾಗ ಕ್ಯಾಸೆಟ್ ಮುಗಿದಿತ್ತು. ಆದರೂ ಸ್ವರ ಕೋಣೆಯಲ್ಲಿತ್ತು. ನಾನೇ ಗುನುಗುತ್ತಿದ್ದೆ. ದನಿ ದಪ್ಪಗಿದೆ, ಒರಟಾಗಿದೆ, ಆದರೆ ನಿಲ್ಲಬೇಕಾದ ಜಾಗದಲ್ಲೇ ನಿಂತಿದೆ. ಈಗ ದಿನವೂ ಬೆಳಗ್ಗೆ ಅದರ ಜೊತೆ ಕೂರುತ್ತೇನೆ. ಅಜ್ಜಿ ಪ್ಲೇಯರಿನ ಮೇಲೆ ಅಂಗೈಯಿಟ್ಟು, ಅದರ ನಡುಕ ಕೈಗೆ ಹತ್ತಿದಾಗ ತಲೆಯಾಡಿಸುತ್ತಾರೆ.

ಮಷೀನಿಗೆ ನನ್ನ ಪ್ರೀತಿ ತಿಳಿಸು. ಅದಕ್ಕೆ ಸ್ವಲ್ಪ ನೆಗಡಿಯಾದ ಹಾಗಿದೆ. ಬಿಸಿನೀರು ಕುಡಿಯಲು ಹೇಳು.

ನಿನ್ನ ಗುಂಡಿ


ಮೇ 6

ಗುಂಡೀ,

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇನ್ನು ತಡೆಯಲಾರೆ, ತಡೆದರೂ ಪ್ರಯೋಜನವಿಲ್ಲ.

ನಿನ್ನ ಮೇಡಂ ಕಳಿಸಿದ ಇಬ್ಬರು ಲಾರಿ ಸಮೇತ ಬಂದಿದ್ದರು. ಹೊಸ ಕಾರ್ಯಕ್ರಮದಲ್ಲಿ ವೇದಿಕೆ ಮೇಲೆ ಮಷೀನು ಇಡಬೇಕಂತೆ, "ಅದೆಲ್ಲಿದೆ ತೋರಿಸಿ" ಅಂದರು. ನಾನು ಎಲ್ಲಿಂದ ತೋರಿಸಲಿ? ಅದು ಹೋದ ವರ್ಷವೇ ಹೋಯಿತು. ಒಂದು ಬೆಳಗ್ಗೆ ಹೊಟ್ಟೆ ಒಡೆದುಕೊಂಡು ಅಂಗಡಿಯೆಲ್ಲ ನೀರು ಮಾಡಿತು. ಈಜುಕೊಳದವರು, ರಿಪೇರಿ ಮಾಡಿಸಿ ಟವೆಲು ಒಗೆಯಲು ಇಟ್ಟುಕೊಳ್ಳುತ್ತೇವೆ ಅಂತ ಎತ್ತಿಕೊಂಡು ಹೋದರು. ಈಗಿರುವುದು ಹೊಸದು. ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುತ್ತದೆ, ಕೆಲಸ ಮುಗಿದರೆ ನನಗೇ ಗೊತ್ತಾಗುವುದಿಲ್ಲ. "ಇದನ್ನ ಯಾರಿಗೂ ಕೊಡ್ಬೇಡಪ್ಪಾ" ಅಂತ ನೀನು ಹೋಗುವಾಗ ಹೇಳಿದ್ದೆ. ಹಾಗಾಗಿ ಹೇಳಲು ಬಾಯಿ ಬರಲಿಲ್ಲ.

ಸದ್ದು ಹಿಡಿದು ಕಳಿಸು ಅಂತ ನೀನು ಬರೆದಾಗ ನಾನು ಈಜುಕೊಳಕ್ಕೆ ಓಡಿದೆ. ನೀರು ಖಾಲಿ ಮಾಡಿ ಬಾಗಿಲು ಹಾಕಿದ್ದರು, ತೆಗೆಯುವುದು ತಿಂಗಳ ಮೇಲಂತೆ. ದರ್ಜಿಯ ಫ್ಯಾನಿನ ಸದ್ದು ಹಿಡಿದೆವು, ಆಗಲಿಲ್ಲ. ಬೀದಿ ಕೊನೆಯ ನೀರಿನ ಪಂಪು ಹಿಡಿದೆವು, ಅದು ಎಮ್ಮೆ ಕೂಗಿದ ಹಾಗೆ ಬಂತು. ಕೊನೆಗೆ ಹೊಸ ಮಷೀನಿನ ಡ್ರಮ್ಮಿನೊಳಗೆ ತಲೆ ಹಾಕಿ, ಬಾಯಿ ಮುಚ್ಚಿ, ಹಳೆಯದು ಹೇಗೆ ಸದ್ದು ಮಾಡುತ್ತಿತ್ತು ಅಂತ ನೆನೆದು ನಾನೇ "ಮ್‌ಮ್‌" ಅಂದೆ. ದರ್ಜಿ ರೆಕಾರ್ಡರ್ ಹಿಡಿದುಕೊಂಡಿದ್ದ. ನನ್ನ ದನಿಗೆ ಕತ್ತೆಯೂ ಕಿವಿ ಮುಚ್ಚೀತು. ಆದರೆ ಡ್ರಮ್ಮಿನೊಳಗೆ ಯಾರ ದನಿಯೂ ಮಷೀನಿನ ಹಾಗೇ ಕೇಳುತ್ತದೆ ಅಂದುಕೊಂಡೆ.

ಈಗ ನಿದ್ದೆ ಬರುತ್ತಿಲ್ಲ. ಆ ಸುಳ್ಳು ಸದ್ದಿಗೆ ನೀನು ಗಂಟಲು ಒಗ್ಗಿಸಿಕೊಂಡಿದ್ದೀಯ. ನಾಳೆ ಅಷ್ಟು ಜನರ ಮುಂದೆ ಶ್ರುತಿ ತಪ್ಪಿದರೆ, ನಿನ್ನ ಜಾಗ ಹೋದರೆ, ಅದಕ್ಕೆ ನಾನೇ ಕಾರಣ. ಲಾರಿಯವರಿಗೆ ಈಜುಕೊಳದ ದಾರಿ ತೋರಿಸಿದ್ದೇನೆ. ನಿಜವಾದ ಮಷೀನು ನಿನ್ನ ಹತ್ತಿರ ಬರುತ್ತಿದೆ. ನನ್ನ ಕ್ಯಾಸೆಟ್ ಬಿಸಾಕಿ ಅದರಿಂದ ಕಲಿ. ಬೈಯುವುದಿದ್ದರೆ ಬೈದುಬಿಡು.

ಅಪ್ಪ


ಮೇ 15

ನನ್ನ ಪೆದ್ದು ಅಪ್ಪಾ,

ಮೊದಲ ದಿನವೇ ಗೊತ್ತಿತ್ತು. ಕ್ಯಾಸೆಟ್ಟಿನ ನಡುವೆ ಅಂಗಡಿ ಬಾಗಿಲ ಗಂಟೆ ಬಾರಿಸುತ್ತದೆ. ಆಗ ಮಷೀನು ನಿಂತು "ಬಂದೆ, ಬಂದೆ, ಒಂದ್ನಿಮಿಷ" ಅನ್ನುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಗಾದೆ ಮಷೀನುಗಳಿಗೂ ಸಲ್ಲುತ್ತದೆ ಅಂತ ಗೊತ್ತಿರಲಿಲ್ಲ. ಹೇಳಿದರೆ ನೀನು ನಾಚಿಕೊಳ್ಳುತ್ತೀಯ ಅಂತ ಸುಮ್ಮನಿದ್ದೆ. ಅಪ್ಪ ಮಷೀನನ್ನು ಎಷ್ಟು ಚೆನ್ನಾಗಿ ಅಣಕಿಸುತ್ತಾನೆ ಅಂದುಕೊಂಡೆ.

ಇವತ್ತು ಏನಾಯಿತು ಕೇಳು. ತಾಲೀಮಿಗೆ ಎಲ್ಲರೂ ಸೇರಿದ್ದೆವು. ಮೇಡಂ ಇವತ್ತೇ ತೀರ್ಮಾನ ಮಾಡುವವರಿದ್ದರು. ಹೊಸಬಳು ನನ್ನ ನೀಲಿ ಪಟ್ಟಿಯ ಮೇಲಿನ ಹಸಿರಿನಲ್ಲಿ ನಿಂತಿದ್ದಳು, ನಾನು ಗೋಡೆಯ ಪಕ್ಕ. ನಮ್ಮ ಮಷೀನನ್ನು ವೇದಿಕೆ ಮಧ್ಯ ಇಟ್ಟು, ಉಜ್ಜಿ ಫಳಫಳ ಮಾಡಿ, ಮೇಲಿನಿಂದ ನೀಲಿ ಬೆಳಕು ಬಿಟ್ಟಿದ್ದರು. ಮುಚ್ಚಳದ ಮೇಲೆ ನಾನು ಚಿಕ್ಕವಳಿದ್ದಾಗ ಗೀಚಿದ ಗೆರೆ ಇನ್ನೂ ಇದೆ. ಯಾರೋ ಸ್ವಿಚ್ಚು ಹಾಕಿದರು.

ಅದು ಬೇರೆಯೇ ಸ್ವರ, ಅಪ್ಪಾ.

ನಾನು ಬಾಯಿ ತೆರೆಯುವ ಮೊದಲೇ ಪಟಾಕಿ "ಇದಲ್ಲ" ಅಂದಳು. ಕೊಕ್ಕರೆ ತಲೆಯಾಡಿಸಿದಳು. ಮೊಲ ನನ್ನ ಕಡೆ ತಿರುಗಿ "ನೀನು ಕೊಡೋದು ಇದಲ್ವಲ್ಲೇ?" ಅಂದಳು. ಒಂಬತ್ತು ವರ್ಷ ಹಣೆಗೆ ಹಣೆ ಕೊಟ್ಟು ಕೇಳಿದ ಕಿವಿಗಳು, ತಪ್ಪುವುದಿಲ್ಲ. ನಾನು ಗೋಡೆ ಬಿಟ್ಟು ಹೋಗಿ ಅವರ ನಡುವೆ ನಿಂತು, ಕಣ್ಣು ಮುಚ್ಚಿ, ನಿನ್ನ ಕ್ಯಾಸೆಟ್ಟಿನ ಸ್ವರ ಗುನುಗಿದೆ. "ಇದು," ಅಂದರು ಮೂವರೂ. ಅಲ್ಲಿಂದಲೇ ಕಿಟಕಿ ಹಾಡು ಎತ್ತಿದೆವು. ಮೇಡಂ ನನ್ನ ಕಡೆ ನೋಡಿ ಹೂಂ ಅಂತ ತಲೆಯಾಡಿಸಿದರು. ಹಾಡು ಮುಗಿದಾಗ ಹೊಸಬಳೇ ಬಗ್ಗಿ ಹಸಿರು ಪಟ್ಟಿ ಕಿತ್ತಳು. "ಅಕ್ಕಾ, ನಿಮ್ ಜಾಗದಲ್ಲಿ ನಿಂತ್ರೆ ಕೆಳಗೆ ಏನೂ ಇಲ್ದೇ ಇರೋ ಹಾಗೆ ಭಯ ಆಗ್ತಿತ್ತು" ಅಂದಳು. ಒಳ್ಳೆಯ ಹುಡುಗಿ. ಅವಳಿಗೆ ಬೇರೆ ತಂಡದಲ್ಲಿ ಮುಂದಿನ ಸಾಲೇ ಸಿಗುತ್ತದಂತೆ.

ಈಗ ಹೇಳು. ಮಷೀನಿನ ಸ್ವರ ಅದಲ್ಲವಾದರೆ, ಬುಟ್ಟಿಯಲ್ಲಿ ಮಲಗಿ ನಾನು ಕೇಳಿದ್ದು ಯಾರದು? ಮಷೀನು ಓಡುವಾಗ ಪಕ್ಕದಲ್ಲಿ ಯಾವಾಗಲೂ ಇದ್ದದ್ದು ಯಾರು? ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಊರೂರಿನ ಪತ್ರಿಕೆಗಳಿಗೆಲ್ಲ ಕಬ್ಬಿಣದ ಡಬ್ಬಿಯನ್ನು ಹೊಗಳಿಕೊಂಡು ಬಂದೆ ನಾನು.

ನಿನ್ನದೇ,
ಗುಂಡಿ


ಮೇ 19

ಗುಂಡೀ,

ನಿನ್ನ ಜಾಗ ಉಳಿಯಿತಲ್ಲ, ಅಷ್ಟು ಸಾಕು.

ಉಳಿದದ್ದು ಬರೀ ಹುಚ್ಚು ಮಾತು. ಈಜುಕೊಳದವರು ರಿಪೇರಿ ಮಾಡಿಸುವಾಗ ಮೋಟಾರು ಬದಲಾಯಿಸಿರುತ್ತಾರೆ. ಮೋಟಾರು ಬದಲಾದರೆ ಸದ್ದು ಬದಲಾಗುತ್ತದೆ. ಇದು ಯಾರಿಗಾದರೂ ತಿಳಿಯುವ ವಿಷಯ. ನಾನು ಜೀವಮಾನದಲ್ಲಿ ಗುನುಗಿದವನಲ್ಲ. ಮೇಷ್ಟ್ರು ಸುಮ್ಮನೆ ಹೇಳಿರಲಿಲ್ಲ. ನಿನಗೆ ಅಪ್ಪನ ಮೇಲೆ ಪ್ರೀತಿ, ಅದಕ್ಕೆ ಹಾಗೆ ಕೇಳಿಸುತ್ತದೆ.

ಕಾರ್ಯಕ್ರಮಕ್ಕೆ ಬಾ ಅನ್ನಬೇಡ. ಅಂಗಡಿ ಮುಚ್ಚಲು ಆಗುವುದಿಲ್ಲ.

ಅಪ್ಪ


ಮೇ 24

ಅಪ್ಪಾ,

ಮೋಟಾರು ಬದಲಾಯಿಸಿದ್ದಾರೋ ಇಲ್ಲವೋ ನಾನು ವಿಚಾರಿಸುವುದಿಲ್ಲ. ನೀನೇ ಗೋಡೆಯಾಚೆಯ ದರ್ಜಿ ಮಾವನನ್ನು ಕೇಳು.

ಗುರುವಾರ ಸಂಜೆ ನಮ್ಮ ಹೊಸ ಸಾಲಿನ ಮೊದಲ ಕಾರ್ಯಕ್ರಮ. ಗುನುಗುವಾಗ ಚೆನ್ನಾಗಿದ್ದದ್ದು ಭಯ ಬಂದರೆ ಏನಾಗುತ್ತದೋ ಗೊತ್ತಿಲ್ಲ. ಡಾಕ್ಟರು ಹೇಳಿದ್ದಾರೆ, ಗಾಬರಿಯಾದರೆ ಗಂಟಲು ಬಿಗಿಯುತ್ತದೆ ಅಂತ. ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಫೋನು ಬಾರಿಸುತ್ತದೆ. ಕೈ ಒದ್ದೆ ಇದ್ದರೂ ಎತ್ತು.

ಗುಂಡಿ


ಜೂನ್ 1

ಗುಂಡೀ,

ದರ್ಜಿಯನ್ನು ಕೇಳಿದೆ. ಕೇಳಬಾರದು ಅಂತ ಮೂರು ದಿನ ಹಠ ಹಿಡಿದು, ಗುರುವಾರ ಮಧ್ಯಾಹ್ನ ಚಹಾ ಕುಡಿಯುವಾಗ ಕೇಳಿಬಿಟ್ಟೆ. "ಲೇ, ನಾನು ಕೆಲಸ ಮಾಡೋವಾಗ ಗುನುಗ್ತೀನಾ?"

ಅವನು ಬಾಯಲ್ಲಿದ್ದ ಸೂಜಿ ತೆಗೆದು ನನ್ನನ್ನೇ ನೋಡಿದ. "ನಿನ್ನ ಹೆಂಡತಿ ಹೋದ್ಮೇಲೆ ಶುರು ಮಾಡ್ದೆ. ಮಗು ಅತ್ರೆ ಗುನುಗ್ತಿದ್ದೆ. ಆಮೇಲೆ ಮಗು ಅಳದಿದ್ರೂ ಗುನುಗ್ದೆ. ಮಷೀನ್ ಕೆಟ್ಟು ನಿಂತ ದಿನಾನೂ ಗುನುಗ್ತಿದ್ದೆ. ಗೋಡೆಯಾಚೆ ನನ್ನ ಹೊಲಿಗೆ ಮಷೀನ್ ತುಳಿಯೋದು ಆ ಶ್ರುತಿಗೇ ಅಭ್ಯಾಸ ಆಗ್ಹೋಗಿದೆ."

"ಇಷ್ಟು ವರ್ಷ ನನಗ್ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ದೆ," ಅಂದ. ಸೂಜಿ ಮತ್ತೆ ಬಾಯಿಗಿಟ್ಟುಕೊಂಡ.

ಗುಂಡೀ, ಆಮೇಲೆ ಸಂಜೆಯವರೆಗೆ ನನಗೆ ಬೇಕೆಂದರೂ ಗುನುಗಲು ಬರಲಿಲ್ಲ. ಕಿವಿ ನನ್ನ ಮೇಲೇ ಕಾವಲು ಕೂತಿತ್ತು. ದೀಪ ಹಚ್ಚಿದೆ. ಬ್ಯಾಂಕಿನ ಗುಮಾಸ್ತ ಬಿಳಿ ಅಂಗಿಗಾಗಿ ಕಾಯುತ್ತ ನಿಂತಿದ್ದ. ಇಸ್ತ್ರಿ ಅರ್ಧದಲ್ಲಿರುವಾಗ ಫೋನು ಬಾರಿಸಿತು. ಎತ್ತಿದೆ. ಸಮುದ್ರದ ಹಾಗೆ ಜನರ ಗದ್ದಲ. ಅದರೊಳಗಿನಿಂದ ನಿನ್ನ ದನಿ. ದಪ್ಪಗಾಗಿದೆ ಅಂದಿದ್ದೆಯಲ್ಲ, ನಿನ್ನ ಅಮ್ಮನ ಹಾಗಾಗಿದೆ ಅಷ್ಟೇ. "ಅಪ್ಪಾ, ನಾವು ನಾಲ್ಕೂ ಜನ ಫೋನಿಗೆ ಕಿವಿ ಇಟ್ಕೊಂಡಿದ್ದೀವಿ. ಶ್ರುತಿ ಕೊಡು."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಏನೂ ಬರಲಿಲ್ಲ. ತುಟಿ ಆಡಿಸು ಅಂದ ಮೇಷ್ಟ್ರು ಎದುರಿಗೇ ನಿಂತ ಹಾಗಾಯಿತು. ಪಕ್ಕದಲ್ಲಿ ಹೊಸ ಮಷೀನು ಸದ್ದಿಲ್ಲದೆ ಓಡುತ್ತಿತ್ತು. ಕೈ ಅದರ ಮೇಲಿಟ್ಟೆ, ಬೆಚ್ಚಗಿತ್ತು. ಬಿಸಿ ಚಾದರದ ಬುಟ್ಟಿ ನೆನಪಾಯಿತು. ಅದರಲ್ಲಿ ನಿನ್ನ ಮುಷ್ಟಿ, ನಿನ್ನ ಕೆಂಪು ಮುಖ. ಆಗ ಬಂತು. ನಾನು ಕರೆಯಲಿಲ್ಲ, ಅದೇ ಬಂತು.

ಆ ತುದಿಯಲ್ಲಿ ಒಂದು ದನಿ ಅದನ್ನು ಹಿಡಿಯಿತು, ಆಮೇಲೆ ಇನ್ನೊಂದು. ನಾಲ್ಕೂ ಬಂದು ನನ್ನದರ ಮೇಲೆ ಕೂತವು. ರೇಡಿಯೋದಲ್ಲಿ ನಿನ್ನದು ಯಾವುದು ಗೊತ್ತಾಗುವುದಿಲ್ಲ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಪ್ರತಿ ಹಾಡಿನಲ್ಲೂ ಗೊತ್ತಾಗುತ್ತದೆ. ನಾನು ಬೇರೆ ಮೂವರನ್ನು ಇವತ್ತಿನವರೆಗೂ ಕೇಳಿಯೇ ಇಲ್ಲ. ನೀವು ಫೋನನ್ನು ಅಲ್ಲೇ ಬಿಟ್ಟು ಓಡಿದಿರಿ. ನಾನು ಹಿಡಿದುಕೊಂಡೇ ನಿಂತೆ, ಕಿಟಕಿ ಹಾಡು ಮುಗಿಯುವವರೆಗೆ.

ತಿರುಗಿ ನೋಡಿದರೆ ಗುಮಾಸ್ತನ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ತೂತು. ಅಂಗಡಿ ಇಟ್ಟಮೇಲೆ ನಾನು ಸುಟ್ಟ ಮೊದಲ ಅಂಗಿ. ಕೈ ಮುಗಿದೆ. ಅವನು, "ಸುಡ್ತಾ ಇದೆ ಅಂತ ಹೇಳೋಣ ಅಂದ್ಕೊಂಡೆ. ಮಧ್ಯದಲ್ಲಿ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ" ಅಂದ.

ಶನಿವಾರದ ನಿಮ್ಮ ಕಾರ್ಯಕ್ರಮಕ್ಕೆ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸಿದ್ದೇನೆ. ಬಾಗಿಲಿಗೆ ನೇತುಹಾಕಲು ದರ್ಜಿ ರಟ್ಟಿನ ಮೇಲೆ ಬರೆದುಕೊಡುತ್ತಿದ್ದಾನೆ, ಅವನ ಅಕ್ಷರ ದುಂಡಗಿದೆ. "ಏನು ಬರೀಲಿ? ಮಗಳ ಹಾಡು ಕೇಳೋಕೆ ಹೋಗಿದ್ದಾನೆ ಅಂತಲಾ?" ಅಂದ. "ಅಲ್ಲ," ಅಂದೆ, "ಶ್ರುತಿ ಕೊಡೋಕೆ ಹೋಗಿದ್ದಾನೆ ಅಂತ ಬರಿ."

ಪರದೆಯ ಹಿಂದೆ ಐದನೆಯ ಹಣೆಗೆ ಜಾಗ ಇಟ್ಟಿರು.

ಬಂದೆ, ಬಂದೆ, ಒಂದ್ನಿಮಿಷ.

ಅಪ್ಪ